7, 31, 34: ಜೆಡ್ಡಾದಲ್ಲಿ ಭಾರತದ ಬಾಸ್ಕೆಟ್‌ಬಾಲ್ ತಂಡ ಸೋತದ್ದು ಎಲ್ಲಿ?

ಪ್ರಶ್ನೆ: ನಾನು ದಾವಣಗೆರೆಯ ಪದವಿಪೂರ್ವ ಕಾಲೇಜೊಂದರಲ್ಲಿ ಹುಡುಗರ ಬಾಸ್ಕೆಟ್‌ಬಾಲ್ ತಂಡವನ್ನು ನೋಡಿಕೊಳ್ಳುವ ದೈಹಿಕ ಶಿಕ್ಷಕ. 2025ರ ಆಗಸ್ಟ್‌ನಲ್ಲಿ ಸೌದಿಯ ಜೆಡ್ಡಾದಲ್ಲಿ ನಡೆದ ಏಷ್ಯಾ ಕಪ್‌ನಲ್ಲಿ ಭಾರತದ ತಂಡ ಜೋರ್ಡಾನ್ ಎದುರು ಓವರ್‌ಟೈಮ್‌ವರೆಗೆ ಹೋಗಿ 84–91ರಲ್ಲಿ ಸೋತಿತು. ಅದೇ ತಂಡ ಆಮೇಲೆ ಚೀನಾ ಎದುರು 69–100, ಸೌದಿ ಅರೇಬಿಯಾ ಎದುರು 50–84ರಲ್ಲಿ ಸೋತು ಮನೆಗೆ ಬಂತು. "ಎದೆಗುಂದಿದರಾ ಸರ್?" ಎಂದು ಹುಡುಗರು ಕೇಳುತ್ತಾರೆ. ನಮ್ಮದೂ ಹಾಗೇ ಆಗುತ್ತದೆ: ಜಿಲ್ಲಾ ಮಟ್ಟದಲ್ಲಿ ಬೆಳಗಿನ ಪಂದ್ಯ ಸಮಬಲ, ಮಧ್ಯಾಹ್ನದ ಪಂದ್ಯದಲ್ಲಿ 20 ಅಂಕದ ಸೋಲು. ಇದಕ್ಕೆ ಕಾರಣ ಏನು, ಅಭ್ಯಾಸದಲ್ಲಿ ಏನು ಬದಲಿಸಬೇಕು?

ಉತ್ತರ: ಎದೆಗುಂದಿದರು ಎಂಬ ಮಾತನ್ನು ಮೊದಲು ಹುಡುಗರ ತಲೆಯಿಂದ ತೆಗೆಯಿರಿ, ಮೇಷ್ಟ್ರೇ. ಆ ಉತ್ತರ ಹಿಡಿದುಕೊಂಡು ಮರುದಿನ ಕೋರ್ಟಿಗೆ ಇಳಿದರೆ ಮಾಡಲು ಏನೂ ಉಳಿಯುವುದಿಲ್ಲ. ಇನ್ನೊಂದು ಮಾತು. ಚೀನಾ ಎದುರಿನ ಅಂತರ 31, ಸೌದಿ ಎದುರಿನದು 34, ಹತ್ತಿರದ ಅಂಕಿಗಳಾದ್ದರಿಂದ ಎರಡೂ ಒಂದೇ ಬಗೆಯ ಸೋಲು ಅನ್ನಿಸುತ್ತದೆ. ಹಾಗಲ್ಲ. ಚೀನಾ ಎದುರು ಕುಸಿದದ್ದು ಡಿಫೆನ್ಸ್, ಸೌದಿ ಎದುರು ಕುಸಿದದ್ದು ಅಟ್ಯಾಕ್. ನಿಮ್ಮ ಹುಡುಗರ ಮಧ್ಯಾಹ್ನದ ಸೋಲು ಇವೆರಡರಲ್ಲಿ ಯಾವ ಜಾತಿಯದು ಎಂದು ತಿಳಿಯದೆ ಅಭ್ಯಾಸ ಬದಲಿಸಿದರೆ ಬೆವರು ಸುರಿಸಿದ್ದಷ್ಟೇ ಬಂತು.

ಇದಕ್ಕೆ ದೊಡ್ಡ ವಿದ್ಯೆ ಬೇಡ. ಫಿಬಾ (ವಿಶ್ವ ಬಾಸ್ಕೆಟ್‌ಬಾಲ್ ಸಂಸ್ಥೆ) ಪಂದ್ಯ 10 ನಿಮಿಷದ ನಾಲ್ಕು ಕ್ವಾರ್ಟರ್, ಅಂದರೆ 40 ನಿಮಿಷ. ಓವರ್‌ಟೈಮ್ ಆದರೆ 5 ನಿಮಿಷ ಸೇರುತ್ತದೆ. ಆದ್ದರಿಂದ ಜೋರ್ಡಾನ್ ಪಂದ್ಯದ 84 ಮತ್ತು 91 ಬಂದದ್ದು 45 ನಿಮಿಷದಲ್ಲಿ; 40 ನಿಮಿಷಕ್ಕೆ ಇಳಿಸಿದರೆ ಭಾರತ ಹಾಕಿದ್ದು ಸುಮಾರು 75, ಬಿಟ್ಟುಕೊಟ್ಟದ್ದು ಸುಮಾರು 81. ಈಗ ಉಳಿದೆರಡನ್ನು ಪಕ್ಕಕ್ಕಿಟ್ಟು ನೋಡಿ. ಚೀನಾ ಎದುರು ಹಾಕಿದ್ದು 69, ಅಂದರೆ ಆರೇ ಅಂಕ ಕಡಿಮೆ. ಬಿಟ್ಟುಕೊಟ್ಟದ್ದು ಮಾತ್ರ 81ರಿಂದ 100ಕ್ಕೆ ಹಾರಿತು. ಸೌದಿ ಎದುರು ಬಿಟ್ಟುಕೊಟ್ಟದ್ದು 84, ಮೊದಲ ಪಂದ್ಯಕ್ಕಿಂತ ಮೂರು ಹೆಚ್ಚು ಅಷ್ಟೇ. ಹಾಕಿದ್ದು 75ರಿಂದ 50ಕ್ಕೆ ಬಿತ್ತು. ಆಟದ ವೇಗ ಹೆಚ್ಚಾದರೆ ಎರಡೂ ಕಡೆ ಅಂಕ ಏರುವುದರಿಂದ ಈ ನಿಮಿಷದ ಲೆಕ್ಕ ಮೊದಲ ಮೆಟ್ಟಿಲು ಮಾತ್ರ. ಪೂರ್ತಿ ಉತ್ತರಕ್ಕೆ ಪೊಸೆಷನ್, ಅಂದರೆ ಬಾಲ್ ಒಂದು ತಂಡದ ಕೈಗೆ ಬಂದು ಎದುರಾಳಿಗೆ ಹೋಗುವವರೆಗಿನ ಸರದಿಗಳನ್ನು, ಎಣಿಸಬೇಕು. ಅದನ್ನು ಹೇಗೆ ಮಾಡುವುದೆಂದು ಮುಂದೆ ಹೇಳುತ್ತೇನೆ.

ಟೂರ್ನಿಯ ರಚನೆಯನ್ನೂ ಹುಡುಗರಿಗೆ ತಿಳಿಸಿ, ಆಗ 7 ಅಂಕದ ಆ ಸೋಲು ಎಷ್ಟು ದುಬಾರಿಯಾಯಿತೆಂದು ಅರ್ಥವಾಗುತ್ತದೆ. ಏಷ್ಯಾ ಕಪ್‌ನಲ್ಲಿ 16 ತಂಡ, ನಾಲ್ಕು ತಂಡಗಳ ನಾಲ್ಕು ಗುಂಪು. ಗುಂಪಿನಲ್ಲಿ ಮೊದಲು ಬಂದವರು ನೇರ ಕ್ವಾರ್ಟರ್‌ಫೈನಲ್‌ಗೆ, ಎರಡನೆಯ ಮತ್ತು ಮೂರನೆಯ ಸ್ಥಾನದವರು ಅದಕ್ಕಾಗಿ ಇನ್ನೊಂದು ಪಂದ್ಯ ಆಡಬೇಕು, ನಾಲ್ಕನೆಯವರು ಹೊರಗೆ. ನಾಲ್ಕು ತಂಡಗಳ ಗುಂಪಿನಲ್ಲಿ ಒಂದೇ ಒಂದು ಗೆಲುವು ಸಾಮಾನ್ಯವಾಗಿ ಮೂರನೆಯ ಸ್ಥಾನ ತಂದುಕೊಡುತ್ತದೆ. ಇಬ್ಬರು ಒಂದೊಂದು ಗೆದ್ದಿದ್ದರೆ ಅವರಿಬ್ಬರ ನಡುವಿನ ಪಂದ್ಯ ಗೆದ್ದವರು ಮೇಲೆ. ಮೂವರು ಸಮನಾದರೆ ಆ ಮೂವರ ಪಂದ್ಯಗಳ ಅಂಕದ ಅಂತರ ನೋಡುತ್ತಾರೆ. ಭಾರತದ ಗುಂಪಿನಲ್ಲಿದ್ದ ಚೀನಾ ಮುಂದೆ ಫೈನಲ್‌ಗೇ ಹೋಗಿ ಆಸ್ಟ್ರೇಲಿಯಾ ಎದುರು 89–90ರಲ್ಲಿ, ಒಂದೇ ಅಂಕದಿಂದ ಸೋತಿತು. ಸೌದಿ ತನ್ನ ನೆಲದಲ್ಲಿ, ತನ್ನ ಜನರ ಮುಂದೆ ಆಡುವ ತಂಡ. ಹಾಗಾಗಿ ಕೈಗೆಟುಕುವ ಗೆಲುವು ಇದ್ದದ್ದು ಮೊದಲ ಪಂದ್ಯದಲ್ಲೇ. ಅದು ಜಾರಿದ ಮೇಲೆ ಉಳಿದೆರಡೂ ಏರುಹಾದಿ.

ಓವರ್‌ಟೈಮ್ ಬಗ್ಗೆ ನಮ್ಮಲ್ಲಿ ತರಬೇತುದಾರರೂ ಎಡವುವ ಮೂರು ನಿಯಮಗಳಿವೆ. ನಾಲ್ಕನೆಯ ಕ್ವಾರ್ಟರ್‌ನ ಟೀಮ್ ಫೌಲ್‌ಗಳು (ತಂಡದ ಎಲ್ಲರ ಫೌಲ್ ಸೇರಿದ ಲೆಕ್ಕ) ಅಲ್ಲಿಗೆ ಮುಗಿಯುವುದಿಲ್ಲ, ಓವರ್‌ಟೈಮ್‌ಗೂ ಮುಂದುವರಿಯುತ್ತವೆ. ಕ್ವಾರ್ಟರ್‌ಗೆ ನಾಲ್ಕು ಫೌಲ್ ಮುಗಿಸಿಕೊಂಡ ತಂಡ ಓವರ್‌ಟೈಮ್‌ನ ಮೊದಲ ಸೆಕೆಂಡಿನಿಂದಲೇ, ತನ್ನ ಬಳಿ ಬಾಲ್ ಇಲ್ಲದಾಗ ಮಾಡುವ ಪ್ರತಿ ಫೌಲಿಗೂ ಎರಡು ಫ್ರೀ ಥ್ರೋ ಕೊಡಬೇಕು. ಉಳಿಸಿಕೊಂಡ ಟೈಮ್‌ಔಟ್ ಮುಂದಕ್ಕೆ ಬರುವುದಿಲ್ಲ. ಓವರ್‌ಟೈಮ್‌ಗೆ ಹೊಸದಾಗಿ ಒಂದೇ ಒಂದು. ಮತ್ತೆ ಜಂಪ್ ಬಾಲ್ (ರೆಫರಿ ಬಾಲ್ ಮೇಲಕ್ಕೆಸೆದು ಆಟ ಶುರು ಮಾಡುವುದು) ಇರುವುದಿಲ್ಲ, ಟೇಬಲ್ ಮೇಲಿನ ಬಾಣದ ಗುರುತು ಯಾರ ಕಡೆಗಿದೆಯೋ ಅವರಿಗೆ ಬಾಲ್. ಆದ್ದರಿಂದ ನಾಲ್ಕನೆಯ ಕ್ವಾರ್ಟರ್‌ನ ಕೊನೆಯ ಎರಡು ನಿಮಿಷದಲ್ಲಿ ಸ್ಕೋರ್ ಸಮ ಇದ್ದರೆ ಸಹಾಯಕನೊಬ್ಬ ನಿಮಗೆ ಮೂರು ವಿಷಯ ಹೇಳುತ್ತಿರಬೇಕು: ನಮ್ಮ ಟೀಮ್ ಫೌಲ್ ಎಷ್ಟು, ನಾಲ್ಕು ಫೌಲ್ ಆದ ಹುಡುಗರು ಯಾರು, ಬಾಣ ಯಾವ ಕಡೆ. ಹಾಫ್ ಲೈನ್ ಹತ್ತಿರ ಕೈ ಚಾಚಿ ಮಾಡುವ ಸೋಮಾರಿ ಫೌಲ್ ಮೊದಲ ಕ್ವಾರ್ಟರ್‌ನಲ್ಲಿ ಏನೂ ಅಲ್ಲ, ಇಲ್ಲಿ ಅದು ನೇರವಾಗಿ ಎರಡು ಅಂಕದ ಅಪಾಯ.

ಇನ್ನು ಕಾಲಿನ ಲೆಕ್ಕ. 40 ನಿಮಿಷಕ್ಕೆ ಐದು ಜನ ಎಂದರೆ ಒಟ್ಟು 200 ಆಟಗಾರ-ನಿಮಿಷ, ಓವರ್‌ಟೈಮ್ ಆದರೆ 225. ಈ ಹೆಚ್ಚುವರಿ 25 ಬೀಳುವುದು ಬೆಂಚಿನ ಹುಡುಗರ ಮೇಲಲ್ಲ, ಅತ್ಯುತ್ತಮ ಐವರ ಮೇಲೆ, ಅದೂ ಅವರು ಪೂರ್ತಿ ದಣಿದಿರುವಾಗ. ಭಾರತ ಆಡಿದ್ದು ಆಗಸ್ಟ್ 5, 7 ಮತ್ತು 9ರಂದು, ನಡುವೆ ಒಂದೊಂದೇ ದಿನ ಬಿಡುವು. ದಣಿವಿನ ಗುರುತು ಮೊದಲು ಕಾಣುವುದು ಡಿಫೆನ್ಸ್‌ನಲ್ಲಿ, ಅದರಲ್ಲೂ ಹಿಂದಕ್ಕೆ ಓಡುವಾಗ.

100 ಅಂಕ ಎಂದರೆ ಕ್ವಾರ್ಟರ್‌ಗೆ 25. ಅಷ್ಟು ಅಂಕವನ್ನು ಯಾವ ತಂಡವೂ ನಿಂತ ಡಿಫೆನ್ಸ್ ಎದುರು ಸುಲಭಕ್ಕೆ ಗಳಿಸುವುದಿಲ್ಲ. ಅಷ್ಟು ಬಿಟ್ಟುಕೊಟ್ಟ ಯಾವ ಪಂದ್ಯದ ವಿಡಿಯೊ ನೋಡಿದರೂ ನಿಮ್ಮ ಕಣ್ಣಿಗೆ ಬೀಳುವುದು ಸಾಮಾನ್ಯವಾಗಿ ಎರಡು ಸೋರಿಕೆ. ಒಂದು, ಶಾಟ್ ಮೇಲಕ್ಕೆ ಹೋದ ಕ್ಷಣ. ನಮ್ಮ ಐವರೂ ಬಾಲ್ ನೋಡುತ್ತ ನಿಲ್ಲುತ್ತಾರೆ. ಎದುರಾಳಿಯ ವಿಂಗ್ (ಬದಿಯ) ಆಟಗಾರ ಮಾತ್ರ ಬಾಲ್ ನೋಡುವುದಿಲ್ಲ, ಆಗಲೇ ಓಡಲು ಶುರು ಮಾಡಿರುತ್ತಾನೆ. ರಿಬೌಂಡ್ (ತಪ್ಪಿದ ಶಾಟ್‌ನಿಂದ ಮರಳಿದ ಬಾಲ್) ಹಿಡಿದವನು ಒಂದೇ ಪಾಸ್ ಕೊಟ್ಟರೆ ಸಾಕು, 28 ಮೀಟರ್ ಕೋರ್ಟಿನ ಆ ತುದಿಯಲ್ಲಿ ನಾಲ್ಕೈದು ಸೆಕೆಂಡಿನಲ್ಲಿ ಲೇ-ಅಪ್, ರಿಂಗಿನ ಪಕ್ಕದಿಂದ ಹಾಕುವ ಸುಲಭ ಶಾಟ್. ಪರಿಹಾರ ನಿಯಮ ಮಾಡಿ ಕಲಿಸುವಂಥದ್ದು: ಶಾಟ್ ಹೊರಟ ಕೂಡಲೇ ಪಾಯಿಂಟ್ ಗಾರ್ಡ್ (ಬಾಲ್ ತಂದು ಆಟ ನಡೆಸುವವನು) ಮತ್ತು ಬಾಲ್‌ನಿಂದ ದೂರ ಇರುವ ವಿಂಗ್, ಇಬ್ಬರೂ ಹಿಂದಕ್ಕೆ. ಮೊದಲು ತಲುಪಿದವನು ರಿಂಗ್ ಕೆಳಗೆ ನಿಲ್ಲಬೇಕು, ಇನ್ನೊಬ್ಬ ಹಾಫ್ ಲೈನ್ ಹತ್ತಿರ ಬಾಲ್ ತಡೆಯಬೇಕು. ಉಳಿದ ಮೂವರು ಮಾತ್ರ ರಿಬೌಂಡಿಗೆ. "ಯಾರಾದರೂ ಹಿಂದಕ್ಕೆ ಹೋಗಿ" ಎಂದು ಕೂಗಿದರೆ ಯಾರೂ ಹೋಗುವುದಿಲ್ಲ. ಜಾಗಕ್ಕೆ ಹೆಸರು ಕೊಡಿ.

ಎರಡನೆಯದು ನಮ್ಮ ರಿಂಗ್ ಕೆಳಗಿನ ರಿಬೌಂಡ್. ಎದುರಾಳಿ ತನ್ನ ತಪ್ಪಿದ ಶಾಟನ್ನು ತಾನೇ ಹಿಡಿದರೆ ಅವನಿಗೆ ಶಾಟ್ ಹೊಡೆಯಲು ಹೊಸದಾಗಿ 14 ಸೆಕೆಂಡ್ ಸಿಗುತ್ತದೆ, ಸಾಮಾನ್ಯವಾಗಿ ರಿಂಗಿನ ಪಕ್ಕದಲ್ಲೇ. ನಮ್ಮ ಹುಡುಗರು ಎತ್ತರ ಸಾಲದು ಎಂದು ಹಾರಲು ಹೋಗುತ್ತಾರೆ. ಎತ್ತರದವನ ಜತೆ ಹಾರುವ ಪೈಪೋಟಿಗೆ ಇಳಿದರೆ ಸೋಲು ಖಚಿತ. ಮಾಡಬೇಕಾದ್ದು ಬಾಕ್ಸ್ ಔಟ್: ಶಾಟ್ ಹೊರಟಾಗ ಬಾಲ್ ಬಿಟ್ಟು ನಿಮ್ಮವನನ್ನು ಹುಡುಕಿ, ಮುಂಗೈ ಅವನ ಎದೆಗೆ ತಾಗಿಸಿ, ತಿರುಗಿ, ಸೊಂಟ ತಗ್ಗಿಸಿ ಬೆನ್ನಿನಿಂದ ಅವನನ್ನು ರಿಂಗಿನಿಂದ ಒಂದೂವರೆ ಮೀಟರ್ ಆಚೆ ಹಿಡಿದಿಡಿ. ಮನಸ್ಸಿನಲ್ಲಿ ಎರಡು ಎಣಿಸಿ, ಆಮೇಲೆ ಬಾಲ್ ನೋಡಿ. ಬಾಲ್ ನೆಲಕ್ಕೆ ಬಿದ್ದು ನಮ್ಮ ಗಾರ್ಡ್ ಎತ್ತಿಕೊಂಡರೂ ಅದು ಗೆದ್ದ ರಿಬೌಂಡೇ.

ಚೀನಾದಂಥ ತಂಡವನ್ನು ಭಾರತ ಸೋಲಿಸಿದ ದಾಖಲೆಯೂ ಇದೆ, ಅದನ್ನು ಹುಡುಗರಿಗೆ ಹೇಳಲೇಬೇಕು. 2014ರಲ್ಲಿ ವುಹಾನ್‌ನಲ್ಲಿ, ಚೀನಾದ ನೆಲದಲ್ಲೇ, ಸ್ಕಾಟ್ ಫ್ಲೆಮಿಂಗ್ ತರಬೇತಿಯ ಭಾರತ 65–58ರಲ್ಲಿ ಗೆದ್ದಿತು. ಜೆಡ್ಡಾಕ್ಕೆ ಹೋದ ತಂಡದ ಕೋಚ್ ಕೂಡ ಅವರೇ. ಎರಡು ಪಂದ್ಯಗಳ ಒಟ್ಟು ಅಂಕ ಕೂಡಿಸಿ: ವುಹಾನ್‌ನಲ್ಲಿ 123, ಜೆಡ್ಡಾದಲ್ಲಿ 169. ಗೆದ್ದ ದಿನ ಭಾರತ ಹಾಕಿದ್ದು ಜೆಡ್ಡಾದ ಸೋಲಿನ ದಿನಕ್ಕಿಂತ ನಾಲ್ಕು ಅಂಕ ಕಡಿಮೆ! ಬಿಟ್ಟುಕೊಟ್ಟದ್ದು ಮಾತ್ರ 42 ಕಡಿಮೆ. ಬಲಿಷ್ಠರ ಎದುರು ಪೊಸೆಷನ್‌ಗಳು ಕಡಿಮೆಯಾದಷ್ಟೂ ದುರ್ಬಲರಿಗೆ ಅವಕಾಶ ಹೆಚ್ಚು. ನಿಮ್ಮ ಹುಡುಗರಿಗೆ ದೊಡ್ಡ ತಂಡ ಎದುರಾದರೆ ಓಡಾಟದ ಆಟಕ್ಕೆ ಇಳಿಯಬೇಡಿ. ಶಾಟ್ ಹೊಡೆಯಲು ಸಿಗುವ 24 ಸೆಕೆಂಡಿನಲ್ಲಿ 18 ಬಳಸಿ, ಹಿಂದಕ್ಕೆ ಇಬ್ಬರು ಓಡಿ, ಪಂದ್ಯವನ್ನು 60ರ ಆಸುಪಾಸಿನಲ್ಲಿ ಇಡಿ.

ಈಗ 50 ಅಂಕದ ಕಾಯಿಲೆ. ಕ್ವಾರ್ಟರ್‌ಗೆ ಹನ್ನೆರಡೂವರೆ. ಟೂರ್ನಿಯ ಮೂರನೆಯ ಪಂದ್ಯದ ಹೊತ್ತಿಗೆ ನಮ್ಮ ಎರಡು ಪಂದ್ಯಗಳ ವಿಡಿಯೊ ಎದುರಾಳಿಯ ಕೈಯಲ್ಲಿ ಇರುತ್ತದೆ. ಯಾರು ಬಲಕ್ಕೇ ಡ್ರಿಬಲ್ ಮಾಡುತ್ತಾರೆ, ಯಾವ ಸ್ಕ್ರೀನ್ (ಜತೆಯವನಿಗೆ ದಾರಿ ಬಿಡಿಸಲು ಎದುರಾಳಿಗೆ ಅಡ್ಡ ನಿಲ್ಲುವುದು) ಆದ ಮೇಲೆ ಯಾರಿಗೆ ಪಾಸ್, ಎಲ್ಲ ಬರೆದಿಟ್ಟುಕೊಂಡು ಬರುತ್ತಾರೆ. ಮೊದಲ ಯೋಜನೆ ಮುಚ್ಚಿಹೋದಾಗ ಎರಡನೆಯದು ಇಲ್ಲದಿದ್ದರೆ ಹೀಗಾಗುತ್ತದೆ: ಬಾಲ್ ತರಲು 8 ಸೆಕೆಂಡ್, ಕೈಸನ್ನೆ ತೋರಿಸಲು ಮೂರು, ಸ್ಕ್ರೀನ್ ಬಂದು ವಿಫಲವಾಗುವ ಹೊತ್ತಿಗೆ ಗಡಿಯಾರದಲ್ಲಿ ಆರು ಉಳಿದಿರುತ್ತದೆ. ಆಗ ಒಬ್ಬನೇ ಡ್ರಿಬಲ್ ಮಾಡಿ, ಇಬ್ಬರ ಕೈ ಮೇಲೆ ಶಾಟ್. ನಾಲ್ವರು ನಿಂತು ನೋಡುತ್ತಾರೆ.

ಅಂಥ ಹೊತ್ತಿನಲ್ಲಿ ಒಬ್ಬನೇ ಜಾಗ ಹುಟ್ಟಿಸಿಕೊಳ್ಳಬಲ್ಲ ಗಾರ್ಡ್ ಇದ್ದರೆ ತಂಡ ಉಳಿದುಕೊಳ್ಳುತ್ತದೆ. 16 ತುಂಬಿದ ಮೇಲೆ ಪೌರತ್ವ ಪಡೆದ ಒಬ್ಬ ಆಟಗಾರನನ್ನು ಫಿಬಾ ಅನುಮತಿಸುತ್ತದೆ, ಏಷ್ಯಾದ ಅನೇಕ ತಂಡಗಳು ಅಮೆರಿಕದಲ್ಲಿ ಬೆಳೆದವರನ್ನು ಹೀಗೆ ತರುತ್ತವೆ. ಭಾರತದಲ್ಲಿ ದ್ವಿಪೌರತ್ವ ಇಲ್ಲ, ಭಾರತದ ಪಾಸ್‌ಪೋರ್ಟ್ ಇಲ್ಲದವರು ದೇಶಕ್ಕೆ ಆಡುವಂತಿಲ್ಲ. ಹಾಗಾಗಿ ಆ ಗಾರ್ಡ್ ನಿಮ್ಮಂಥವರ ಕಾಲೇಜು ಕೋರ್ಟಿನಿಂದಲೇ ಬರಬೇಕು. ಜಿಲ್ಲಾ ಮಟ್ಟದ ತರಬೇತಿಯ ಬೆಲೆ ಇಲ್ಲಿದೆ, ಮತ್ತು ಇದನ್ನು ನಾನು ಸುಮ್ಮನೆ ಹುರಿದುಂಬಿಸಲು ಹೇಳುತ್ತಿಲ್ಲ.

ನಿಮ್ಮ ತಂಡಕ್ಕೆ ಗಡಿಯಾರದ ಶಿಸ್ತು ಹೀಗಿರಲಿ: 5 ಸೆಕೆಂಡಿನೊಳಗೆ ಬಾಲ್ ಹಾಫ್ ಲೈನ್ ದಾಟಬೇಕು, ಗಡಿಯಾರದಲ್ಲಿ 18 ಇರುವಾಗ ಮೊದಲ ಸ್ಕ್ರೀನ್, 10 ಇರುವಾಗ ಬಾಲ್ ಇನ್ನೊಂದು ಬದಿಗೆ ಹೋಗಿ ಎರಡನೆಯ ಸ್ಕ್ರೀನ್ ನಡೆಯುತ್ತಿರಬೇಕು. ಶಾಟ್ ಕ್ಲಾಕ್ ಇಲ್ಲದ ಕೋರ್ಟಿನಲ್ಲಿ ಅಭ್ಯಾಸ ಮಾಡುವವರಿಗೆ ಇದು ಅಭ್ಯಾಸವೇ ಆಗಿರುವುದಿಲ್ಲ. ಬದಿಯಲ್ಲಿ ಒಬ್ಬನನ್ನು ನಿಲ್ಲಿಸಿ ಮೊಬೈಲ್ ನೋಡಿಕೊಂಡು "18, 10, 5" ಎಂದು ಕೂಗಿಸಿ. ಜತೆಗೆ ತಪ್ಪಿದ ಶಾಟ್‌ಗಳು ಎಲ್ಲಿ ಬಡಿಯುತ್ತವೆ ಎಂದು ನೋಡಿ. ರಿಂಗಿನ ಮುಂಭಾಗಕ್ಕೆ ಬಡಿಯುತ್ತಿದ್ದರೆ ಕಾಲು ಸೋತಿದೆ, ಆ ಹುಡುಗನಿಗೆ ಬೇಕಾದ್ದು ಬೆಂಚು. ಎಡಕ್ಕೆ ಬಲಕ್ಕೆ ಹೋಗುತ್ತಿದ್ದರೆ ಮೊಣಕೈ ಸರಿಯಿಲ್ಲ, ಅವನಿಗೆ ಬೇಕಾದ್ದು ತಿದ್ದುವಿಕೆ.

ಈಗ ಮಾತುಕೊಟ್ಟ ಪೊಸೆಷನ್ ಲೆಕ್ಕ. ಬೆಂಚಿನಲ್ಲಿ ಒಬ್ಬ ಹುಡುಗನಿಗೆ ನೋಟ್‌ಬುಕ್ ಕೊಡಿ. ಎರಡೂ ತಂಡಗಳಿಗೆ ಅವನು ಗೆರೆ ಎಳೆಯಬೇಕಾದ್ದು ಇಷ್ಟು: ಹೊಡೆದ ಶಾಟ್, ಬಿದ್ದ ಶಾಟ್, ಅದರಲ್ಲಿ ಮೂರು ಅಂಕದ್ದು, ಫ್ರೀ ಥ್ರೋ, ಅಟ್ಯಾಕ್‌ನಲ್ಲಿ ಹಿಡಿದ ರಿಬೌಂಡ್, ಡಿಫೆನ್ಸ್‌ನಲ್ಲಿ ಹಿಡಿದ ರಿಬೌಂಡ್, ಟರ್ನೋವರ್ (ಶಾಟ್ ಹೊಡೆಯದೆ ಕಳೆದುಕೊಂಡ ಬಾಲ್). ಪೊಸೆಷನ್ ಸಂಖ್ಯೆ ಎಂದರೆ ಹೊಡೆದ ಶಾಟ್, ಫ್ರೀ ಥ್ರೋಗಳ 0.44 ಪಾಲು ಮತ್ತು ಟರ್ನೋವರ್ ಕೂಡಿಸಿ, ಅದರಿಂದ ಅಟ್ಯಾಕ್ ರಿಬೌಂಡ್ ಕಳೆಯುವುದು.

ಉದಾಹರಣೆಗೆ ಮಧ್ಯಾಹ್ನದ ಪಂದ್ಯ 64–84ರಲ್ಲಿ ಸೋತಿರಿ ಎಂದುಕೊಳ್ಳಿ. ನಿಮ್ಮ ಹುಡುಗರು ಹೊಡೆದದ್ದು 62 ಶಾಟ್, ಬಿದ್ದದ್ದು 24, ಅದರಲ್ಲಿ ಮೂರು ಅಂಕದ್ದು 5. ಫ್ರೀ ಥ್ರೋ 18ರಲ್ಲಿ 11. ಅಟ್ಯಾಕ್ ರಿಬೌಂಡ್ 9, ಟರ್ನೋವರ್ 19. ಲೆಕ್ಕ ಹಾಕಿದರೆ 62 + 8 + 19 – 9, ಅಂದರೆ 80 ಪೊಸೆಷನ್. ಎದುರಾಳಿಗೂ ಹತ್ತಿರ ಹತ್ತಿರ ಅಷ್ಟೇ ಇರುತ್ತದೆ. ನೀವು ಪ್ರತಿ ಪೊಸೆಷನ್‌ಗೆ 0.80 ಅಂಕ ಗಳಿಸಿದಿರಿ, 1.05 ಬಿಟ್ಟುಕೊಟ್ಟಿರಿ. ಬೆಳಗಿನ ಪಂದ್ಯ 78 ಪೊಸೆಷನ್‌ನಲ್ಲಿ 72–70 ಆಗಿದ್ದರೆ ಆಗ 0.92 ಮತ್ತು 0.90. ಅಟ್ಯಾಕ್‌ನಲ್ಲಿ ಕಳೆದುಕೊಂಡದ್ದು 0.12, ಡಿಫೆನ್ಸ್‌ನಲ್ಲಿ 0.15. ನಿಮ್ಮ ಪಂದ್ಯಕ್ಕೆ ಎರಡೂ ಕಾಯಿಲೆ ಇವೆ, ಡಿಫೆನ್ಸ್‌ನದು ಒಂದು ತೂಕ ಹೆಚ್ಚು. ಇನ್ನೊಂದು ಅಂಕಿಯೂ ಕಣ್ಣು ಕುಕ್ಕುತ್ತದೆ: 80ರಲ್ಲಿ 19 ಟರ್ನೋವರ್, ನಾಲ್ಕಕ್ಕೆ ಒಂದರ ಹತ್ತಿರ. ಶಾಟೇ ಹೊಡೆಯದೆ ಬಾಲ್ ಕೊಟ್ಟದ್ದು ಅಷ್ಟು ಸಲ. ನೂರಕ್ಕೆ 15ಕ್ಕಿಂತ ಕೆಳಗೆ ತನ್ನಿ.

ಟರ್ನೋವರ್ ಗೆರೆಯನ್ನು ಎರಡು ಭಾಗ ಮಾಡಿಸಿ: ಎದುರಾಳಿ ಕಿತ್ತುಕೊಂಡು ಓಡಿದ್ದು, ಬಾಲ್ ಗೆರೆ ದಾಟಿ ಹೊರಗೆ ಹೋದದ್ದು. ಎರಡನೆಯದಾದರೆ ರೆಫರಿ ಬಾಲ್ ಕೊಡುವಷ್ಟರಲ್ಲಿ ಐವರೂ ಹಿಂದಕ್ಕೆ ಬಂದಿರುತ್ತೀರಿ. ಮೊದಲನೆಯದು ನೇರ ಲೇ-ಅಪ್. ಅಟ್ಯಾಕ್‌ನ ತಪ್ಪು ಡಿಫೆನ್ಸ್‌ನ ಖಾತೆಗೆ ಬೀಳುವುದು ಇಲ್ಲೇ. ಕೋರ್ಟಿನ ನಡುವೆ ಅಡ್ಡಡ್ಡ ಕೊಡುವ ಉದ್ದ ಪಾಸ್ ನಿಷಿದ್ಧ ಮಾಡಿದರೇ ಅರ್ಧ ಪರಿಹಾರ.

ಬೆಳಗ್ಗೆ ಚೆನ್ನಾಗಿ ಆಡಿ ಮಧ್ಯಾಹ್ನ ಕುಸಿಯುವ ತಂಡದಲ್ಲಿ ಮೊದಲು ನೋಡಬೇಕಾದ್ದು ನಿಮಿಷಗಳ ಹಂಚಿಕೆ. ಪಂದ್ಯಕ್ಕೆ 200 ಎಂದೆನಲ್ಲ. ಐದಾರು ಹುಡುಗರೇ 170 ತಿಂದಿದ್ದರೆ ಮಧ್ಯಾಹ್ನದ ಸೋಲನ್ನು ಬೆಳಗ್ಗೆಯೇ ಬರೆದಿಟ್ಟಂತೆ. ಇಬ್ಬರಿಗೆ 30, ಮೂವರಿಗೆ 24, ಮೂವರಿಗೆ 16, ಇಬ್ಬರಿಗೆ 10 ಕೊಟ್ಟರೆ 200 ಸರಿಹೋಗುತ್ತದೆ, ಹತ್ತು ಜನ ಆಡಿರುತ್ತಾರೆ. ಬದಲಾವಣೆ ನಾಲ್ಕೈದು ನಿಮಿಷಕ್ಕೊಮ್ಮೆ, ಒಂದು ಸಲಕ್ಕೆ ಇಬ್ಬರು. ಐವರನ್ನೂ ಒಟ್ಟಿಗೆ ಬದಲಿಸಿದರೆ ಲಯ ತಪ್ಪುತ್ತದೆ. ಒಂಬತ್ತನೆಯ, ಹತ್ತನೆಯ ಹುಡುಗನಿಗೆ ಅಂಕ ಹಾಕುವ ಕೆಲಸ ಕೊಡಬೇಡಿ. ಹಿಂದಕ್ಕೆ ಓಡು, ಬಾಕ್ಸ್ ಔಟ್ ಮಾಡು, ಬಾಲ್ ಕಳೆಯಬೇಡ, ಇಷ್ಟೇ. ನಿಮ್ಮ ಟೂರ್ನಿಯ ಕ್ವಾರ್ಟರ್ ಚಿಕ್ಕದಾಗಿದ್ದರೆ ಇದೇ ಅನುಪಾತ ಇಳಿಸಿಕೊಳ್ಳಿ.

ನಮ್ಮ ದಾವಣಗೆರೆ, ಚಿತ್ರದುರ್ಗದ ಬಯಲು ಕೋರ್ಟ್‌ಗಳಿಗೆ ಇನ್ನೆರಡು ಮಾತು ಬೇಕೇ ಬೇಕು. ಸಿಮೆಂಟ್ ನೆಲದ ಮೇಲೆ ಕೂತ ಧೂಳು ಶೂ ಹಿಡಿತ ತೆಗೆಯುತ್ತದೆ, ಹುಡುಗರು ಬೀಳುವ ಭಯಕ್ಕೆ ಡಿಫೆನ್ಸ್‌ನಲ್ಲಿ ನೆಟ್ಟಗೆ ನಿಲ್ಲುತ್ತಾರೆ. ಪಂದ್ಯಕ್ಕೆ ಮುಂಚೆ ಮತ್ತು ಅರ್ಧ ವಿರಾಮದಲ್ಲಿ ಗುಡಿಸಿ. ಒದ್ದೆ ಟವೆಲ್ ಬೆಂಚಿನ ಬಳಿ ಇಟ್ಟು ಶೂ ಅಡಿ ಒರೆಸಿಕೊಂಡು ಇಳಿಯಲಿ. ಮಧ್ಯಾಹ್ನದ ಬಿಸಿಲಿಗೆ ಬರೀ ನೀರು ಸಾಲದು. ಓಆರ್‌ಎಸ್ ಪೊಟ್ಟಣ ಒಂದು ಲೀಟರಿಗೆ ಒಂದು. ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಮಟ್ಟ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಗುಟುಕು ಗುಟುಕಾಗಿ, ಪ್ರತಿ ಬದಲಾವಣೆಗೂ. ಎರಡು ಪಂದ್ಯದ ನಡುವೆ ಬೆಣ್ಣೆ ದೋಸೆ, ಮಿರ್ಚಿ-ಮಂಡಕ್ಕಿ ಬೇಡ. ಎಣ್ಣೆ, ಬೆಣ್ಣೆ ಹೊಟ್ಟೆಯಲ್ಲಿ ಬಹಳ ಹೊತ್ತು ಕೂರುತ್ತವೆ. ಮೊದಲ ಪಂದ್ಯ ಮುಗಿದ ಅರ್ಧ ಗಂಟೆಯೊಳಗೆ ಎರಡು ಬಾಳೆಹಣ್ಣು, ಸ್ವಲ್ಪ ಮೊಸರನ್ನ ಅಥವಾ ಇಡ್ಲಿ. ಮುಂದಿನ ಪಂದ್ಯಕ್ಕೆ ಎರಡು ಗಂಟೆ ಮುಂಚೆ ಊಟ ಮುಗಿದಿರಲಿ. ದೋಸೆ ಸಂಜೆ, ಎಲ್ಲ ಮುಗಿದ ಮೇಲೆ.

ಕೊನೆಯದಾಗಿ ಫ್ರೀ ಥ್ರೋ. 2017ರಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಭಾರತದ ಮಹಿಳೆಯರು ಏಷ್ಯಾ ಕಪ್‌ನ ಬಿ ವಿಭಾಗದ ಫೈನಲ್‌ನಲ್ಲಿ ಕಜಕಸ್ತಾನವನ್ನು ಸೋಲಿಸಿದ್ದು 75–73ರಲ್ಲಿ, ಎರಡೇ ಅಂಕದಿಂದ. ನಿಮ್ಮ ಉದಾಹರಣೆಯ ಪಂದ್ಯದಲ್ಲಿ ಫ್ರೀ ಥ್ರೋದಲ್ಲೇ 7 ಅಂಕ ಹೋಗಿದೆ. ಜೋರ್ಡಾನ್ ಎದುರಿನ ಅಂತರವೂ 7. ಫ್ರೀ ಥ್ರೋ ಅಭ್ಯಾಸವನ್ನು ನಮ್ಮಲ್ಲಿ ತಾಜಾ ಕಾಲಿನಲ್ಲಿ, ಸಾಲಾಗಿ ನಿಂತು ಮಾಡಿಸುತ್ತಾರೆ. ಪಂದ್ಯದಲ್ಲಿ ಅದು ಏದುಸಿರಿನ ನಡುವೆ ಬರುತ್ತದೆ. ಆದ್ದರಿಂದ ಅಭ್ಯಾಸದ ಕೊನೆಗೆ ಇಡಿ: ಕೋರ್ಟಿನ ಉದ್ದ ನಾಲ್ಕು ಸಲ ಓಡಿ ಬಂದು ಎರಡು ಫ್ರೀ ಥ್ರೋ, ಹೀಗೆ ಹತ್ತು ಸುತ್ತು. 20ರಲ್ಲಿ 14 ಬಿದ್ದರೆ ತೇರ್ಗಡೆ. ಪ್ರತಿಯೊಬ್ಬನ ಅಂಕಿ ನೋಟ್‌ಬುಕ್‌ನಲ್ಲಿ ಬರೆಯಿರಿ, ವಾರಕ್ಕೆ ಎರಡು ಸಲ. ಸ್ಕೋರ್ ಸಮ ಇದ್ದು ಕೊನೆಯ ಎರಡು ನಿಮಿಷ ಉಳಿದಾಗ ಬಾಲ್ ಯಾರ ಕೈಯಲ್ಲಿ ಇರಬೇಕು ಎಂಬುದನ್ನು ಆ ಪಟ್ಟಿ ನೋಡಿ ತೀರ್ಮಾನಿಸಿ, ಆಟಗಾರನ ಹೆಸರು ನೋಡಿ ಅಲ್ಲ.